‘ಟಪ್ ಅಂತ ನಿಂತಿತಾ?’: ಮೋಟಾರ್‌ಸೈಕಲ್ಲಿನ ಕಿಡಿಯನ್ನು ಹುಡುಕಿದವರ ಚರಿತ್ರೆ

ಓಡುತ್ತಿದ್ದ ಬೈಕು ದಾರಿಯಲ್ಲಿ ನಿಂತುಹೋಗಿ, ಅದನ್ನು ತಳ್ಳಿಕೊಂಡು ಹತ್ತಿರದ ಗ್ಯಾರೇಜಿಗೆ ಹೋದರೆ, ಅನುಭವಸ್ಥ ಮೆಕ್ಯಾನಿಕ್ ಗಾಡಿಯನ್ನು ಮುಟ್ಟುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾನೆ: ‘ಟಪ್ ಅಂತ ನಿಂತಿತಾ, ಎಳೆದೂ ಎಳೆದೂ ನಿಂತಿತಾ?’ ಪೆಟ್ರೋಲ್ ಮುಗಿದರೆ ಅಥವಾ ಕಾರ್ಬುರೇಟರಿನಲ್ಲಿ ಕಸ ಸಿಕ್ಕಿಕೊಂಡರೆ ಇಂಜಿನ್ ಕೆಮ್ಮುತ್ತದೆ, ಜರ್ಕ್ ಹೊಡೆಯುತ್ತದೆ, ಇನ್ನೂ ಸ್ವಲ್ಪ ದೂರ ಎಳೆದಾಡಿ ಸಾಯುತ್ತದೆ. ಕರೆಂಟು ಕಡಿದುಹೋದರೆ ಹಾಗಲ್ಲ. ಕೋಣೆಯ ದೀಪ ಆರಿಸಿದಂತೆ ಒಂದೇ ಸಲಕ್ಕೆ ಎಲ್ಲವೂ ನಿಲ್ಲುತ್ತದೆ. ಹತ್ತರಲ್ಲಿ ಎಂಟು ಸಲವಾದರೂ ಈ ಒಂದು ಪ್ರಶ್ನೆಯಿಂದ ಹುಡುಕಾಟದ ಅರ್ಧ ಕೆಲಸ ಮುಗಿಯುತ್ತದೆ.

ಸ್ಪ್ಯಾನರ್ ಕೂಡ ಬೇಡದ ಈ ಪರೀಕ್ಷೆಯ ಹಿಂದೆ ಸುಮಾರು ನೂರಮೂವತ್ತು ವರ್ಷಗಳ ತಿಳಿವಳಿಕೆಯಿದೆ. ಮೋಟಾರ್‌ಸೈಕಲ್ಲಿನ ಚರಿತ್ರೆ ಎಂದರೆ ನಮಗೆ ಸಿಗುವುದು ಹೆಚ್ಚಾಗಿ ಇಂಜಿನ್ನುಗಳ, ವೇಗದ ದಾಖಲೆಗಳ, ಕಂಪನಿಗಳ ಏಳುಬೀಳುಗಳ ಕಥೆ. ಕೆಟ್ಟು ನಿಂತ ಗಾಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಕಣ್ಣಿಗೆ ಕಾಣದ ವಿದ್ಯುತ್ತು ಎಲ್ಲಿ ತಪ್ಪಿಸಿಕೊಂಡಿತು ಎಂದು ಹುಡುಕಿದವರ ಚರಿತ್ರೆ ಬೇರೆಯೇ ಇದೆ. ದೋಷ ಯಾರಿಗೆ ಕಾಣಿಸುತ್ತದೆ, ಯಾರಿಗೆ ಕಾಣಿಸುವುದಿಲ್ಲ ಎಂಬುದು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಈ ಬದಲಾವಣೆ ಇಂದು ನಮ್ಮ ಬೀದಿಗಳಲ್ಲಿ ಬದುಕುತ್ತಿರುವ ಒಂದು ಕಸುಬಿನ ಅಳಿವು ಉಳಿವಿಗೂ ಸಂಬಂಧಿಸಿದೆ.

ಮೊಟ್ಟಮೊದಲ ಮೋಟಾರ್‌ಸೈಕಲ್ಲಿಗೆ ಕರೆಂಟಿನ ತೊಂದರೆಯೇ ಇರಲಿಲ್ಲ. ಅದರಲ್ಲಿ ಕರೆಂಟೇ ಇರಲಿಲ್ಲ. 1885ರಲ್ಲಿ ಜರ್ಮನಿಯ ಕಾನ್‌ಷ್ಟಾಟ್‌ನಲ್ಲಿ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೈಬಾಖ್ ಮರದ ಚೌಕಟ್ಟಿಗೆ ಇಂಜಿನ್ ಕೂರಿಸಿ ಮಾಡಿದ ‘ರೈಟ್‌ವಾಗನ್’ನಲ್ಲಿ ಇಂಧನ ಹೊತ್ತಿಸಲು ಬಳಸಿದ್ದು ಕಾದ ಕೊಳವೆ. ಒಂದು ಸಣ್ಣ ಜ್ವಾಲೆ ಕೊಳವೆಯನ್ನು ಹೊರಗಿನಿಂದ ಕೆಂಪಗೆ ಕಾಯಿಸುತ್ತಿತ್ತು, ಒಳಗಿನ ಅನಿಲ ಅದನ್ನು ತಾಗಿ ಉರಿಯುತ್ತಿತ್ತು. ಆ ವರ್ಷದ ನವೆಂಬರಿನಲ್ಲಿ ಡೈಮ್ಲರನ ಮಗ ಪೌಲ್ ಅದನ್ನೇರಿ ಉಂಟರ್‌ಟುರ್ಕ್‌ಹೈಮ್‌ವರೆಗೆ ಹೋಗಿಬಂದಾಗ ಸೀಟಿನ ಕೆಳಗಿದ್ದ ಈ ಬೆಂಕಿಯಿಂದ ಸೀಟಿಗೇ ಕಿಚ್ಚು ಹತ್ತಿತೆಂಬ ಕಥೆಯಿದೆ. ದೋಷ ಹುಡುಕುವ ಕಷ್ಟವೇ ಇಲ್ಲ, ಕೂತವನಿಗೆ ತಾನಾಗಿ ಗೊತ್ತಾಗುತ್ತದೆ.

ಮೂರು ವರ್ಷದ ನಂತರ, 1888ರ ಆಗಸ್ಟಿನಲ್ಲಿ, ಬೆರ್ಥಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಅವನ ಮೂರು ಚಕ್ರದ ಗಾಡಿಯಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ನೂರು ಕಿಲೋಮೀಟರಿಗೂ ಮಿಕ್ಕ ಹಾದಿ. ಆ ಗಾಡಿಯಲ್ಲಿ ಬ್ಯಾಟರಿಯಿಂದ ಕಾಯಿಲ್ ಮೂಲಕ ಕಿಡಿ ಹಾರಿಸುವ ವ್ಯವಸ್ಥೆಯಿತ್ತು. ದಾರಿಯಲ್ಲಿ ಕಿಡಿಯ ವೈರಿನ ಹೊದಿಕೆ ಸವೆದು ತೊಂದರೆಯಾದಾಗ ಆಕೆ ತನ್ನ ಕಾಲುಚೀಲದ ಪಟ್ಟಿಯನ್ನು ಸುತ್ತಿ ಸರಿಮಾಡಿದಳು, ಪೆಟ್ರೋಲಿನ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು ಎಂದು ಹೇಳುತ್ತಾರೆ. ದ್ವಿಚಕ್ರವಲ್ಲದಿದ್ದರೂ ಈ ಘಟನೆ ನಮ್ಮ ಕಥೆಗೆ ಸೇರಬೇಕು. ದಾರಿಯಲ್ಲಿ ಕೈಕೊಟ್ಟ ವೈರನ್ನು ಕೈಗೆ ಸಿಕ್ಕಿದ್ದರಿಂದ ಸರಿಮಾಡಿದವರ ಪಟ್ಟಿಯಲ್ಲಿ ನಮಗೆ ಸಿಗುವ ಮೊದಲ ಹೆಸರು ಆಕೆಯದು. ಆಕೆ ಇಂಜಿನಿಯರ್ ಅಲ್ಲ. ಆದರೆ ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಆಕೆಗೆ ಗೊತ್ತಿತ್ತು, ಮತ್ತು ಅದು ಕಣ್ಣಿಗೆ ಕಾಣುವಂತಿತ್ತು.

ವಿದ್ಯುತ್ ಕಿಡಿ ಗೆದ್ದದ್ದು ವೇಗದಿಂದ. 1895ರ ಹೊತ್ತಿಗೆ ಫ್ರಾನ್ಸಿನ ಡಿ ದಿಯೋಂ-ಬೂತೋಂ ಕಂಪನಿ ಬ್ಯಾಟರಿ, ಕಾಯಿಲ್ ಮತ್ತು ಕಾಂಟಾಕ್ಟ್ ಬ್ರೇಕರ್ ಇಟ್ಟು ಮಾಡಿದ ಪುಟ್ಟ ಇಂಜಿನ್, ಕಾದ ಕೊಳವೆಯ ಇಂಜಿನ್ನುಗಳಿಗಿಂತ ಎಷ್ಟೋ ಹೆಚ್ಚು ಸುತ್ತು ತಿರುಗಬಲ್ಲದಾಗಿತ್ತು. ಕಿಡಿ ಯಾವ ಕ್ಷಣದಲ್ಲಿ ಹಾರಬೇಕೆಂದು ಮನುಷ್ಯ ನಿರ್ಧರಿಸಬಹುದಾಗಿತ್ತಲ್ಲ, ಅದೇ ಕಾರಣ. ಆದರೆ ಆ ಕಾಲದ ಬ್ಯಾಟರಿಗಳು ದಾರಿಯ ಕುಲುಕಾಟಕ್ಕೆ ತಾಳುತ್ತಿರಲಿಲ್ಲ, ಬೇಗ ಬತ್ತುತ್ತಿದ್ದವು. ಇದಕ್ಕೆ ಉತ್ತರವಾಗಿ ಬಂದದ್ದು ಮ್ಯಾಗ್ನೆಟೋ: ಇಂಜಿನ್ ತಿರುಗುವಾಗ ಅಯಸ್ಕಾಂತದ ನಡುವೆ ತಂತಿಯ ಸುರುಳಿ ತಿರುಗಿ, ತನಗೆ ಬೇಕಾದ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳುವ ಯಂತ್ರ. ರಾಬರ್ಟ್ ಬಾಷ್‌ನ ಕಾರ್ಯಾಗಾರ 1897ರಲ್ಲಿ ಅದನ್ನು ಒಂದು ಡಿ ದಿಯೋಂ ಮೂರು ಚಕ್ರದ ಗಾಡಿಗೆ ಹೊಂದಿಸಿತು. 1902ರಲ್ಲಿ ಅಲ್ಲಿನ ಇಂಜಿನಿಯರ್ ಗಾಟ್‌ಲೋಬ್ ಹೊನೋಲ್ಡ್ ಸ್ಪಾರ್ಕ್ ಪ್ಲಗ್ಗಿನೊಂದಿಗೆ ಕೆಲಸ ಮಾಡುವ ಹೈ ವೋಲ್ಟೇಜ್ ಮ್ಯಾಗ್ನೆಟೋ ರೂಪಿಸಿದ. ಅಲ್ಲಿಂದ ಮುಂದೆ ಕೆಲವು ದಶಕ ಮೋಟಾರ್‌ಸೈಕಲ್ಲಿನ ಕಿಡಿ ಎಂದರೆ ಮ್ಯಾಗ್ನೆಟೋ ಎಂದೇ ಅರ್ಥ.

ಈ ಪುಟ್ಟ ಯಂತ್ರ ಎಷ್ಟು ದೊಡ್ಡ ವಿಷಯವಾಗಿತ್ತೆಂದರೆ, 1914ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟನ್ ಕಂಗಾಲಾಯಿತು. ಅದರ ವಾಹನಗಳ ಮ್ಯಾಗ್ನೆಟೋಗಳಲ್ಲಿ ಬಹುಪಾಲು ಜರ್ಮನಿಯಿಂದ ಬರುತ್ತಿದ್ದವು. ಅದೇ ವರ್ಷ ಬರ್ಮಿಂಗ್‌ಹ್ಯಾಮಿನ ಲೂಕಾಸ್ ಕಂಪನಿ ಮ್ಯಾಗ್ನೆಟೋ ಮಾಡುತ್ತಿದ್ದ ಥಾಂಪ್ಸನ್-ಬೆನೆಟ್ ಅನ್ನು ಕೊಂಡುಕೊಂಡಿತು. ಮುಂದೆ ಬ್ರಿಟಿಷ್ ಬೈಕುಗಳ ಕಿಡಿ, ದೀಪ, ಹಾರನ್ನುಗಳ ಮೇಲೆಲ್ಲ ಲೂಕಾಸ್ ಹೆಸರೇ ಕಾಣಿಸಿಕೊಂಡಿತು. ದೀಪ ಆರಿದ ಗಾಡಿಯವರು ಬೇಸತ್ತು ಅದಕ್ಕೆ ‘ಕತ್ತಲೆಯ ರಾಜಕುಮಾರ’ ಎಂದು ಇಟ್ಟ ಅಡ್ಡಹೆಸರು ಇವತ್ತಿಗೂ ಹಳೆಯ ಬೈಕುಪ್ರಿಯರ ಬಾಯಲ್ಲಿದೆ.

ಮ್ಯಾಗ್ನೆಟೋದ ಒಂದು ದೋಷಕ್ಕೆ ನಮ್ಮ ನಾಡಿನ ನಂಟಿದೆ. ಅದರೊಳಗಿನ ತಂತಿಯ ಸುರುಳಿಗೆ ಶೆಲ್ಯಾಕ್, ಅಂದರೆ ಅರಗು, ಬಳಿಯುತ್ತಿದ್ದರು. ಜಗತ್ತಿಗೆ ಬೇಕಾದ ಅರಗಿನ ಬಹುಪಾಲು ಆಗ ಹೋಗುತ್ತಿದ್ದುದು ಭಾರತದಿಂದಲೇ. ಗ್ರಾಮಫೋನ್ ತಟ್ಟೆಗೂ ಅದೇ, ಮ್ಯಾಗ್ನೆಟೋಗೂ ಅದೇ. ಗಾಡಿ ವರ್ಷಗಟ್ಟಲೆ ಓಡಿ ಬಿಸಿಯಾಗುತ್ತಿದ್ದರೆ ಈ ಅರಗು ಮೆತ್ತಗಾಗಿ ಬೆವರಿದಂತೆ ಹೊರಗೆ ಒಸರುತ್ತಿತ್ತು, ತಂತಿಗಳ ನಡುವಿನ ರಕ್ಷಣೆ ಹಾಳಾಗುತ್ತಿತ್ತು. ಅರಗಿನ ಮನೆಯ ಕಥೆ ಗೊತ್ತಿರುವ ನಮಗೆ ಅರಗು ಮತ್ತು ಬಿಸಿಯ ಸಂಬಂಧ ಹೊಸದಲ್ಲ. ಬೆಳಿಗ್ಗೆ ಒಂದೇ ಕಿಕ್ಕಿಗೆ ಎದ್ದ ಗಾಡಿ ಮಧ್ಯಾಹ್ನ ಬಿಸಿಯಲ್ಲಿ ನಿಂತರೆ ಎಷ್ಟು ಒದ್ದರೂ ಏಳದು. ಒಂದು ಗಂಟೆ ನೆರಳಿನಲ್ಲಿಟ್ಟರೆ ಮತ್ತೆ ಏಳುತ್ತದೆ. ‘ಬಿಸಿಯಾದಾಗ ಮಾತ್ರ ಬರುವ ದೋಷ’ ಎಂಬ ಒಂದು ವರ್ಗವನ್ನು ಸವಾರರು ಗುರುತಿಸಲು ಕಲಿತದ್ದು ಹೀಗೆ.

ಮ್ಯಾಗ್ನೆಟೋದ ಕಾಲದ ಬೈಕಿಗೆ ಇನ್ನೊಂದು ಗುಣವಿತ್ತು. ಕಿಡಿ ಬೇರೆ, ದೀಪ ಬೇರೆ. ದೀಪ ಕೆಲಕಾಲ ಕಾರ್ಬೈಡಿನ ಅನಿಲದಿಂದ ಉರಿಯುತ್ತಿತ್ತು. 1920ರ ದಶಕದಲ್ಲಿ ಬ್ಯಾಟರಿ, ಡೈನಮೋ ಬಂದಮೇಲೂ ‘ಮ್ಯಾಗ್‌ಡೈನೋ’ದಂಥ ಜೋಡಿ ಯಂತ್ರಗಳಲ್ಲಿ ಎರಡೂ ಒಂದೇ ಮನೆಯಲ್ಲಿದ್ದು ಬೇರೆ ಬೇರೆ ಸಂಸಾರ ನಡೆಸುತ್ತಿದ್ದವು. ಬ್ಯಾಟರಿ ಸತ್ತರೆ ಕತ್ತಲೆಯಲ್ಲಿ ಹೋಗಬೇಕು ಅಷ್ಟೆ, ಗಾಡಿ ನಿಲ್ಲದು. ಕಾಯಿಲ್ ಇಗ್ನಿಷನ್ ಮರಳಿ ಬಂದಾಗ ಈ ಸಂಸಾರಗಳು ಒಂದಾದವು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಕ್ಯಾಡಿಲಾಕ್ ಕಾರಿಗೆ ರೂಪಿಸಿದ ವ್ಯವಸ್ಥೆಯ ತತ್ವವೇ ಅಗ್ಗವೂ ಸರಳವೂ ಎಂಬ ಕಾರಣಕ್ಕೆ ಮುಂದೆ ಬೈಕುಗಳಿಗೂ ಹರಡಿತು. ಬ್ಯಾಟರಿಯಿಂದ ಕಾಯಿಲಿಗೆ, ಕಾಯಿಲಿನಿಂದ ಪಾಯಿಂಟಿಗೆ ಕರೆಂಟು ಹರಿಯುತ್ತದೆ. ಪಾಯಿಂಟುಗಳು ಮುಚ್ಚಿದ್ದಾಗ ಕಾಯಿಲಿನಲ್ಲಿ ಅಯಸ್ಕಾಂತ ಕ್ಷೇತ್ರ ತುಂಬಿಕೊಳ್ಳುತ್ತದೆ. ತೆರೆದ ಕ್ಷಣ ಅದು ಕುಸಿದು, ಕೆಲವೇ ವೋಲ್ಟು ಇದ್ದದ್ದು ಸಾವಿರಾರು ವೋಲ್ಟಾಗಿ ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ಒಂದು ಸಿಲಿಂಡರಿನ ಟೂ-ಸ್ಟ್ರೋಕ್ ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಈ ಬಾಗಿಲು ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. ತೆರೆದಾಗ ಅದರ ಅಂತರ ಸಾಮಾನ್ಯವಾಗಿ 0.4 ಮಿಲಿಮೀಟರಿನ ಆಸುಪಾಸು.

ಸ್ವತಂತ್ರ ಭಾರತದ ಮೆಕ್ಯಾನಿಕ್ಕುಗಳ ಪಾಠಶಾಲೆ ಶುರುವಾದದ್ದು ಈ 0.4 ಮಿಲಿಮೀಟರಿನಲ್ಲಿ. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಬುಲೆಟ್ ಜೋಡಣೆ ಆರಂಭವಾಯಿತು. ಮೈಸೂರಿನಲ್ಲಿ ರುಸ್ತುಂ ಮತ್ತು ಫಾರೂಕ್ ಇರಾನಿಯವರ ಐಡಿಯಲ್ ಜಾವಾ ಕಂಪನಿ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ತಯಾರಿಸತೊಡಗಿತು. 1973ರಿಂದ ಅವು ಯೆಜ್ಡಿ ಹೆಸರಿನಲ್ಲಿ ಬಂದವು. ಉತ್ತರದಲ್ಲಿ ಎಸ್ಕಾರ್ಟ್ಸ್‌ನವರ ರಾಜದೂತ್ ಇತ್ತು. ಬಿಡಿಭಾಗಗಳಿಗೂ ವಿದೇಶಿ ವಿನಿಮಯಕ್ಕೂ ಬರವಿದ್ದ ಆ ಕಾಲದಲ್ಲಿ ಹೊಸ ಭಾಗ ಹಾಕುವುದು ಕೊನೆಯ ದಾರಿ. ಸುಟ್ಟ ಡೈನಮೋಗೆ ಮತ್ತೆ ತಂತಿ ಸುತ್ತುವ ವೈಂಡಿಂಗ್ ಅಂಗಡಿಗಳು, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಚಾರ್ಜಿಗೆ ಇಡುವ ಅಂಗಡಿಗಳು, ‘ಆಟೋ ಎಲೆಕ್ಟ್ರಿಷಿಯನ್’ ಎಂಬ ಬೋರ್ಡು ಇವೆಲ್ಲ ಊರೂರಿನ ಬಸ್‌ಸ್ಟ್ಯಾಂಡುಗಳ ಹಿಂದೆ ತಲೆಯೆತ್ತಿದವು.

ಜಾವಾದ ವಿನ್ಯಾಸವೂ ಇದಕ್ಕೆ ಒಗ್ಗುವಂತಿತ್ತು. ಇಂಜಿನ್ನಿನ ಬಲಭಾಗದ ಮುಚ್ಚಳ ಬಿಚ್ಚಿದರೆ ಡೈನಮೋ ಎದುರಿಗೇ. ಅದರ ಮುಖದ ಮೇಲೆಯೇ ಪಾಯಿಂಟು. ಗೇಜ್ ಇಲ್ಲದವರು ವಿಸಿಟಿಂಗ್ ಕಾರ್ಡನ್ನು ತೂರಿಸಿ ಅಂತರ ನೋಡುತ್ತಿದ್ದರು. ಬುಲೆಟ್ಟಿನ ಹೆಡ್‌ಲೈಟಿನ ಮೇಲೆ ಒಂದು ಪುಟ್ಟ ಅಮ್ಮೀಟರ್ ಇತ್ತು. ಮುಳ್ಳು ಎಡಕ್ಕೆ ವಾಲಿದರೆ ಬ್ಯಾಟರಿಯಿಂದ ಹೋಗುತ್ತಿದೆ, ಬಲಕ್ಕೆ ವಾಲಿದರೆ ಬರುತ್ತಿದೆ. ಗಾಡಿಯ ಜಮಾಖರ್ಚನ್ನು ಸವಾರ ಹೋಗಹೋಗುತ್ತಲೇ ನೋಡಬಹುದಿತ್ತು. ಚಾರ್ಜ್ ನಿಂತರೆ ಮನೆ ಮುಟ್ಟುವ ಮೊದಲೇ ಗೊತ್ತಾಗುತ್ತಿತ್ತು.

ಇಷ್ಟೆಲ್ಲ ಇದ್ದರೂ ಆ ಗಾಡಿಗಳು ಯಾಕೆ ಅಷ್ಟು ಕೈಕೊಡುತ್ತಿದ್ದವು? ಒಂದು ಕಾರಣ 6 ವೋಲ್ಟ್. ಒಂದು ಸಣ್ಣ ಲೆಕ್ಕ ನೋಡೋಣ. ತುಕ್ಕು ಹಿಡಿದ ಒಂದು ಜೋಡಣೆ ಕರೆಂಟಿಗೆ 0.2 ಓಮ್ ಅಡ್ಡಿ ಒಡ್ಡುತ್ತದೆ ಎಂದುಕೊಳ್ಳಿ. 35 ವ್ಯಾಟಿನ ದೀಪವಿರುವ 6 ವೋಲ್ಟಿನ ಗಾಡಿಯಲ್ಲಿ ಸುಮಾರು 1 ವೋಲ್ಟ್, ಅಂದರೆ ಇರುವುದರಲ್ಲಿ ಆರನೆಯ ಒಂದು ಪಾಲು, ಆ ತುಕ್ಕಿನಲ್ಲೇ ಕಳೆದುಹೋಗುತ್ತದೆ. ಅದೇ ದೀಪ, ಅದೇ ತುಕ್ಕು 12 ವೋಲ್ಟಿನ ಗಾಡಿಯಲ್ಲಿದ್ದರೆ ಕಳೆಯುವುದು ಅರ್ಧ ವೋಲ್ಟಿಗಿಂತ ತುಸು ಹೆಚ್ಚು. ಇಪ್ಪತ್ತರಲ್ಲಿ ಒಂದು ಪಾಲು. ಮಳೆಗಾಲದ ರಾತ್ರಿ ಘಾಟಿ ಇಳಿಯುವಾಗ ದೀಪ ಮಿಣುಕು ಹುಳದಂತಾಗುತ್ತಿದ್ದುದು ಇದರಿಂದ. ಬೈಯಿಸಿಕೊಳ್ಳುತ್ತಿದ್ದುದು ಬಲ್ಬು, ಬ್ಯಾಟರಿ, ಡೈನಮೋ. ತಪ್ಪು ಹೆಚ್ಚಿನ ಸಲ ಇರುತ್ತಿದ್ದುದು ಎರಡು ಲೋಹಗಳು ಸೇರುವ, ಯಾರೂ ಹೆಸರಿಡದ ಒಂದು ಜಾಗದಲ್ಲಿ.

ಆ ಜಾಗ ಹುಡುಕುವ ವಿಧಾನ ಗ್ಯಾರೇಜುಗಳಲ್ಲಿ ರೂಪುಗೊಂಡಿತು. ಮೊದಲು ಪ್ಲಗ್ ಬಿಚ್ಚಿ, ಅದರ ಮೈ ಇಂಜಿನ್ನಿನ ಲೋಹಕ್ಕೆ ತಾಗುವಂತೆ ಇಟ್ಟು ಕಿಕ್ ಹೊಡೆಯುವುದು. ನೀಲಿ ಕಿಡಿ ಚಟಾರನೆ ಹಾರಿದರೆ ಕರೆಂಟಿನ ತಪ್ಪಲ್ಲ, ಪೆಟ್ರೋಲಿನ ಕಡೆ ಹೋಗು. ಸೊರಗಿದ ಹಳದಿ ಕಿಡಿಯಾದರೆ ಪಾಯಿಂಟು, ಕಂಡೆನ್ಸರು ನೋಡು. ಕಿಡಿಯೇ ಇಲ್ಲವಾದರೆ ಬಲ್ಬಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪ್ ಹಿಡಿದು ಕಾಯಿಲಿಗೆ ಕರೆಂಟು ಬರುತ್ತಿದೆಯೇ ನೋಡು. ಪಾಯಿಂಟು ತೆರೆಯುವಾಗ ಅಲ್ಲೇ ಬೆಂಕಿ ಕಿಡಿಗಳು ಹಾರುತ್ತಿದ್ದರೆ ಕಂಡೆನ್ಸರ್ ಸತ್ತಿದೆ. ಅದೂ ಬಿಸಿಯಾದಾಗ ಸಾಯುತ್ತದೆ, ತಣ್ಣಗಾದಾಗ ಬದುಕುತ್ತದೆ. ಇನ್ನೂ ಜಾಣ ಮೆಕ್ಯಾನಿಕ್ ಬ್ಯಾಟರಿಯಿಂದ ಒಂದೊಂದೇ ಜೋಡಣೆ ನೋಡುತ್ತ ಬರುತ್ತಿರಲಿಲ್ಲ, ಮಧ್ಯದಲ್ಲಿ ದೀಪ ಇಡುತ್ತಿದ್ದ. ಉರಿದರೆ ತಪ್ಪು ಮುಂದಿನ ಅರ್ಧದಲ್ಲಿ, ಇಲ್ಲದಿದ್ದರೆ ಹಿಂದಿನ ಅರ್ಧದಲ್ಲಿ. ಎಂಟು ತುಂಡುಗಳಿರುವ ದಾರಿಯಲ್ಲಿ ಮೂರೇ ಪರೀಕ್ಷೆಗೆ ತಪ್ಪಿನ ತುಂಡು ಸಿಗುತ್ತದೆ. ತರ್ಕಶಾಸ್ತ್ರದ ತರಗತಿಯಲ್ಲಿ ಕೂರದವರು ಕಂಡುಕೊಂಡ ತರ್ಕವಿದು.

ಇದರ ಜೊತೆಗೆ ಒಂದು ಭಾಷೆಯೂ ಬೆಳೆಯಿತು. ‘ಅರ್ತ್ ಆಗಿದೆ’, ‘ಪಾಯಿಂಟ್ ಹೊಡೆದಿದೆ’, ‘ಕಾಯಿಲ್ ವೀಕಾಗಿದೆ’, ‘ಕರೆಂಟು ಲೀಕಾಗ್ತಿದೆ’. ಪದಗಳು ಇಂಗ್ಲಿಷಿನವು, ಕ್ರಿಯೆಗಳು ಕನ್ನಡದವು. ‘ಅರ್ತ್’ ಎಂಬ ಪದವನ್ನೇ ನೋಡಿ. ರಬ್ಬರ್ ಟೈರುಗಳ ಮೇಲೆ ನಿಂತ ಬೈಕಿನ ವಿದ್ಯುತ್ತಿಗೂ ಭೂಮಿಗೂ ಸಂಬಂಧವಿಲ್ಲ. ಕರೆಂಟು ಬ್ಯಾಟರಿಗೆ ಮರಳಲು ಬಳಸುವ ದಾರಿ ಗಾಡಿಯ ಲೋಹದ ಚೌಕಟ್ಟು. ಅದಕ್ಕೆ ‘ಅರ್ತ್’ ಎಂದು ಹೆಸರು. ಒಂದು ವೈರನ್ನು ಉಳಿಸಿದ ಈ ಉಪಾಯವೇ ಬಹಳಷ್ಟು ದೋಷಗಳ ತವರು, ಯಾಕೆಂದರೆ ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ, ಮರಳುವ ದಾರಿಯನ್ನು ಮರೆಯುತ್ತಾರೆ. ಈ ಪದಗಳು ಗ್ಯಾರೇಜಿನಲ್ಲೇ ಉಳಿಯಲಿಲ್ಲ. ತಲೆ ಸರಿಯಿಲ್ಲದವನಿಗೆ ‘ಲೂಸ್ ಕನೆಕ್ಷನ್’ ಎಂದೂ, ಸುಸ್ತಾದವನಿಗೆ ‘ಫ್ಯೂಸ್ ಹೋಗಿದೆ’ ಎಂದೂ ಹೇಳುವ ನಾವು ಆ ಕಸುಬಿನ ಮಾತನ್ನೇ ಆಡುತ್ತಿದ್ದೇವೆ.

ಸಾಹಿತ್ಯದ ಓದುಗರಿಗೆ ಇಲ್ಲಿ ರಾಬರ್ಟ್ ಪಿರ್ಸಿಗ್‌ನ 1974ರ ‘ಝೆನ್ ಆ್ಯಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’ ನೆನಪಾಗಬಹುದು. ಅದರಲ್ಲಿ ಒಂದು ಎಚ್ಚರಿಕೆಯಿದೆ. ಗಾಡಿ ಯಾಕೆ ಓಡುತ್ತಿಲ್ಲ ಎಂಬುದಷ್ಟೇ ಗೊತ್ತಿರುವಾಗ, ಕರೆಂಟಿನಲ್ಲಿ ಏನು ತಪ್ಪಿದೆ ಎಂದು ಪ್ರಶ್ನೆ ಬರೆದುಕೊಳ್ಳಬಾರದು. ತಪ್ಪು ಕರೆಂಟಿನದೇ ಎಂಬುದು ಇನ್ನೂ ಸಾಬೀತಾಗಿಲ್ಲವಲ್ಲ. ಪಿರ್ಸಿಗ್ ಅದನ್ನು ವೈಜ್ಞಾನಿಕ ವಿಧಾನದ ಪಾಠವಾಗಿ ಬರೆದ. ನಮ್ಮ ಮೆಕ್ಯಾನಿಕ್ಕಿನ ‘ಟಪ್ ಅಂತ ನಿಂತಿತಾ?’ ಕೂಡ ಅದೇ ಪಾಠ. ವ್ಯತ್ಯಾಸವೆಂದರೆ ಪಿರ್ಸಿಗ್ ತನ್ನದೇ ಗಾಡಿಯನ್ನು ರಿಪೇರಿ ಮಾಡಿಕೊಳ್ಳುತ್ತ ಪುಸ್ತಕ ಬರೆದ. ನಮ್ಮಲ್ಲಿ ರಿಪೇರಿ ಮಾಡಿದವರು ಬೇರೆ, ಬರೆದವರು ಬೇರೆ.

ಹಾಗೆಂದು ಆ ಕಾಲವನ್ನು ಹೊಗಳಿ ಹಾಡುವುದು ತಪ್ಪಾಗುತ್ತದೆ. ಈ ವಿದ್ಯೆಯನ್ನು ಕಲಿತವರಲ್ಲಿ ಎಷ್ಟೋ ಜನ ಶಾಲೆ ಬಿಟ್ಟು ಬಂದ ಹುಡುಗರು; ಸಂಬಳವಿಲ್ಲದೆ ಚಹಾ ತರುತ್ತ, ಸ್ಪ್ಯಾನರ್ ಎತ್ತಿಕೊಡುತ್ತ ಕಲಿತವರು. ಉಸ್ತಾದರೂ ಎಲ್ಲವನ್ನೂ ಹೇಳಿಕೊಡುತ್ತಿರಲಿಲ್ಲ. ಟೈಮಿಂಗ್ ಕಟ್ಟುವಾಗ ಹುಡುಗರಿಗೆ ಬೆನ್ನು ಹಾಕಿ ಕೂರುತ್ತಿದ್ದವರ ಕಥೆಗಳನ್ನು ಹಳಬರು ನಗುತ್ತ ಹೇಳುತ್ತಾರೆ. ಬೆರ್ಥಾ ಬೆಂಜ್‌ನಿಂದ ಶುರುವಾದ ಪಟ್ಟಿಯಲ್ಲಿ ನಮ್ಮ ಗ್ಯಾರೇಜುಗಳ ಹೆಂಗಸರ ಹೆಸರು ಹುಡುಕಿದರೂ ಸಿಗುವುದು ಕಷ್ಟ. ಜ್ಞಾನ ಬಚ್ಚಿಡುವುದು ಕಂಪ್ಯೂಟರ್ ಬಂದಮೇಲೆ ಶುರುವಾದ ಅಭ್ಯಾಸವಲ್ಲ. ಆದರೆ ಉಸ್ತಾದ್ ಬೆನ್ನು ತಿರುಗಿಸಿದರೂ ಪಾಯಿಂಟು ಮುಚ್ಚಳದಡಿಯೇ ಇತ್ತು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಹುಡುಗ ತಾನೇ ಬಿಚ್ಚಿ ನೋಡಬಹುದಿತ್ತು.

ಬಿಚ್ಚಿ ನೋಡಲಾಗದ ವಸ್ತು ನಮ್ಮ ಬೀದಿಗಳಿಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 1980ರ ದಶಕದ ನಡುವೆ. 1984ರಿಂದ 1986ರೊಳಗೆ ಸುಜುಕಿ, ಹೋಂಡಾ, ಯಮಾಹಾ, ಕವಾಸಾಕಿ ಕಂಪನಿಗಳು ಭಾರತದ ಪಾಲುದಾರರೊಂದಿಗೆ 100 ಸಿಸಿ ಬೈಕುಗಳನ್ನು ತಂದವು. ಅವುಗಳ ಜೊತೆ ಹರಡಿದ್ದು ಎಲೆಕ್ಟ್ರಾನಿಕ್ ಇಗ್ನಿಷನ್, ಗ್ಯಾರೇಜಿನ ಮಾತಿನಲ್ಲಿ ‘ಸಿಡಿಐ’. ಪಾಯಿಂಟಿನ ಬದಲು ಒಂದು ಪುಟ್ಟ ಸಂವೇದಕ ಸುರುಳಿ. ನೂರಾರು ವೋಲ್ಟನ್ನು ತುಂಬಿಟ್ಟುಕೊಂಡು ಸರಿಯಾದ ಕ್ಷಣಕ್ಕೆ ಕಾಯಿಲಿಗೆ ಸುರಿಯುವ ಒಂದು ಡಬ್ಬಿ. ಸವೆಯುವ ಭಾಗವಿಲ್ಲ, ಅಂತರ ಹೊಂದಿಸುವ ಕೆಲಸವಿಲ್ಲ. ವರ್ಷಗಟ್ಟಲೆ ಅದರ ತಂಟೆಗೆ ಹೋಗಬೇಕಿಲ್ಲ. ಬೆಳಿಗ್ಗೆ ಬೇಗ ಕೆಲಸಕ್ಕೆ ಹೊರಡುವ ಲಕ್ಷಾಂತರ ಜನಕ್ಕೆ ಇದು ದೊಡ್ಡ ಉಪಕಾರ, ಅನುಮಾನವಿಲ್ಲ. ಆದರೆ ಆ ಡಬ್ಬಿಯೊಳಗೆ ರಾಳ ಸುರಿದು ಮುಚ್ಚಿರುತ್ತಿದ್ದರು. ಒಳಗೇನಾಯಿತೆಂದು ನೋಡುವಂತಿಲ್ಲ. ಹಾಗಾಗಿ ವಿಧಾನವೇ ಬದಲಾಯಿತು: ಅನುಮಾನ ಬಂದರೆ ಇನ್ನೊಂದು ಗಾಡಿಯ ಸಿಡಿಐ ಬಿಚ್ಚಿ ಇದಕ್ಕೆ ಹಾಕಿ ನೋಡು. ಓಡಿದರೆ ಹಳೆಯದು ಎಸೆ. ಹುಡುಕುವುದರ ಜಾಗಕ್ಕೆ ಬದಲಿಸುವುದು ಬಂತು.

ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದಕ್ಕೆ ಕಾರಣ ಪಾಯಿಂಟಲ್ಲ. ಮೈಲೇಜಿನ ಪೈಪೋಟಿ, ಹೊಗೆಯ ನಿಯಮಗಳು, ಕಂಪನಿಯ ಹಣಕಾಸು ಹೀಗೆ ಹಲವು. ಆದರೂ ಆ ಕಾರ್ಖಾನೆಯ ಗಾಡಿಗಳಿಗಾಗಿ ಕಲಿತ ಕೈಗಳು ಊರಿನಲ್ಲಿ ಉಳಿದುಕೊಂಡವು. ಹಳೆಯ ಜಾವಾ, ಯೆಜ್ಡಿಗಳನ್ನು ಇಟ್ಟುಕೊಂಡವರಿಗೆ ಇವತ್ತಿಗೂ ಅವೇ ಕೈಗಳು ಆಸರೆ.

ಮುಂದಿನ ಬದಲಾವಣೆ ನಿಯಮಗಳ ಮೂಲಕ ಬಂತು. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಸದಾ ಉರಿಯುವಂತಾಯಿತು. 2019ರ ಏಪ್ರಿಲ್ ಹೊತ್ತಿಗೆ 125 ಸಿಸಿಗೆ ಮೇಲ್ಪಟ್ಟ ಎಲ್ಲ ಹೊಸ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದು ಕಾರ್ಬುರೇಟರ್ ಹೆಚ್ಚುಕಡಿಮೆ ಮರೆಯಾಯಿತು. ಪೆಟ್ರೋಲ್ ಚಿಮ್ಮಿಸುವ ಕೆಲಸವೂ ವಿದ್ಯುತ್ತಿನ ಪಾಲಾಯಿತು. ಈಗ ಪೆಟ್ರೋಲಿನ ತೊಂದರೆಯೂ ಒಂದರ್ಥದಲ್ಲಿ ಕರೆಂಟಿನ ತೊಂದರೆಯೇ. ತಪ್ಪಾದರೆ ಗಾಡಿ ತಾನೇ ಹೇಳುತ್ತದೆ: ಮೀಟರಿನಲ್ಲಿ ಹಳದಿ ದೀಪ ಉರಿಯುತ್ತದೆ, ಒಳಗಿನ ಕಂಪ್ಯೂಟರಿನಲ್ಲಿ ಒಂದು ಕೋಡ್ ದಾಖಲಾಗುತ್ತದೆ. ಅದನ್ನು ಓದಲು ಸ್ಕ್ಯಾನರ್ ಬೇಕು.

ಹಳದಿ ದೀಪದ ಅನುಭವ ನನಗೂ ಆಗಿದೆ. ಕಳೆದ ಮಳೆಗಾಲದಲ್ಲಿ ನನ್ನ ಗಾಡಿ ಹೊಂಡ ಹಾರಿದಾಗಲೊಮ್ಮೆ ದೀಪ ಹೊತ್ತಿಸಿಕೊಂಡು ನಿಂತುಬಿಡುತ್ತಿತ್ತು, ಐದು ನಿಮಿಷಕ್ಕೆ ಏನೂ ಆಗದಂತೆ ಮತ್ತೆ ಹೊರಡುತ್ತಿತ್ತು. ಸರ್ವಿಸ್ ಸೆಂಟರಿನಲ್ಲಿ ಕೋಡ್ ಓದಿ, ಥ್ರಾಟಲ್ ಸೆನ್ಸರಿನ ವೋಲ್ಟೇಜ್ ಕಡಿಮೆ ಎಂದು ಸೆನ್ಸರ್ ಬದಲಿಸಿದರು. ನನ್ನ ಸ್ಟೈಪೆಂಡಿನ ದೊಡ್ಡ ಪಾಲೇ ಹೋಯಿತು. ವಾರದೊಳಗೆ ಗಾಡಿ ಮತ್ತೆ ನಿಂತಿತು. ಆಗ ಹೋದದ್ದು ಮೈಸೂರಿನ ಒಂದು ಹಳೆಯ ಗ್ಯಾರೇಜಿಗೆ. ಅಲ್ಲಿನ ಹಿರಿಯರು ಯೆಜ್ಡಿಗಳ ಮೇಲೆ ಕಲಿತವರು. ಅವರು ಕೇಳಿದ್ದು ಅದೇ ಪ್ರಶ್ನೆ. ಟಪ್ ಅಂತಲೇ ನಿಲ್ಲುತ್ತದೆ ಎಂದೆ. ಅವರ ಜೊತೆಯ ಹುಡುಗ ಮೊಬೈಲಿಗೆ ಜೋಡಿಸುವ ಪುಟ್ಟ ಸ್ಕ್ಯಾನರ್ ಹಾಕಿ ಓದಿದ, ಅದೇ ಕೋಡ್. ‘ಸೆನ್ಸರ್ ಹೊಸದು, ಕಂಪ್ಲೇಂಟ್ ಹಳೆಯದು. ಹಂಗಾದ್ರೆ ದಾರೀಲಿ ಏನೋ ಇದೆ’ ಎಂದರು ಹಿರಿಯರು. ಟ್ಯಾಂಕ್ ಇಳಿಸಿ, ಇಂಜಿನ್ ಓಡುತ್ತಿರುವಾಗಲೇ ವೈರುಗಳ ಕಟ್ಟನ್ನು ಒಂದೊಂದು ಗೇಣಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತ ಬಂದರು. ಹ್ಯಾಂಡಲಿನ ಬುಡದ ಹಿಂದೆ ಒಂದು ಕಡೆ ಕೈ ತಾಗಿದ್ದೇ ಇಂಜಿನ್ ಸತ್ತಿತು. ಸೆನ್ಸರಿಗೆ 5 ವೋಲ್ಟ್ ಒಯ್ಯುವ ವೈರಿನ ಹೊದಿಕೆ ಚೌಕಟ್ಟಿಗೆ ಉಜ್ಜಿ ಉಜ್ಜಿ ಸವೆದಿತ್ತು. ಹೊಂಡ ಹಾರಿದಾಗಲೆಲ್ಲ ತಾಮ್ರ ಲೋಹಕ್ಕೆ ತಾಗಿ ‘ಅರ್ತ್’ ಆಗುತ್ತಿತ್ತು. ಟೇಪ್ ಸುತ್ತಿ, ಕಟ್ಟನ್ನು ಬೇರೆ ದಾರಿಯಲ್ಲಿ ಕೂರಿಸಿದರು. 1888ರಲ್ಲಿ ಬೆರ್ಥಾ ಬೆಂಜ್ ಮಾಡಿದಳೆನ್ನುವ ರಿಪೇರಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಸ್ಕ್ಯಾನರಿನ ಎದುರು ಅನುಭವ ಗೆದ್ದಿತು ಎಂದು ಇದನ್ನು ಓದಬಾರದು. ಆ ಹುಡುಗನ ಸ್ಕ್ಯಾನರ್ ಯಾವ ಮಾರ್ಗ ಎಂದು ಹೇಳದಿದ್ದರೆ ಹಿರಿಯರು ಇಡೀ ಗಾಡಿಯ ವೈರಿಂಗನ್ನು ಜಾಲಾಡಬೇಕಾಗುತ್ತಿತ್ತು. ಕೋಡ್ ಸುಳ್ಳು ಹೇಳಿರಲಿಲ್ಲ. ವೋಲ್ಟೇಜ್ ಕಡಿಮೆಯಾದದ್ದು ನಿಜ. ಯಾಕೆ ಕಡಿಮೆಯಾಯಿತು ಎಂಬುದು ಅದರ ಕೆಲಸವಲ್ಲ. ಕೋಡ್ ಲಕ್ಷಣ ಹೇಳುತ್ತದೆ, ಕಾರಣವನ್ನು ಮನುಷ್ಯ ಹುಡುಕಬೇಕು. ಇವೆರಡೂ ಒಂದೇ ಅಂಗಡಿಯಲ್ಲಿ ಸಿಕ್ಕಿದ್ದು ನನ್ನ ಅದೃಷ್ಟ. ಎಲ್ಲ ಅಂಗಡಿಗಳಿಗೂ ಆ ಅವಕಾಶವಿದೆಯೇ ಎಂಬುದೇ ಈಗಿನ ಪ್ರಶ್ನೆ. ಎಲ್ಲ ಕೋಡುಗಳನ್ನೂ ಅಗ್ಗದ ಸ್ಕ್ಯಾನರ್ ಓದಲಾರದು. ವೈರಿಂಗಿನ ನಕ್ಷೆ ಕೈಗೆ ಸಿಗದಿದ್ದರೆ ಓದಿದರೂ ಪ್ರಯೋಜನ ಅರ್ಧ.

ಕಾರುಗಳ ಲೋಕದಲ್ಲಿ ಈ ಪ್ರಶ್ನೆ ಕಾನೂನಿನ ಮೆಟ್ಟಿಲೇರಿದೆ. ಬಿಡಿಭಾಗಗಳನ್ನೂ ದೋಷಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆಂದು ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ತಯಾರಕರಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ವ್ಯಾಜ್ಯ ಅಲ್ಲಿಂದ ಮೇಲ್ಮನವಿಗಳ ಹಾದಿ ಹಿಡಿಯಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕಿ’ನ ಚೌಕಟ್ಟಿಗಾಗಿ ಸಮಿತಿ ರಚಿಸಿದಾಗ ಮೊಬೈಲ್, ಕೃಷಿ ಉಪಕರಣಗಳ ಜೊತೆ ವಾಹನಗಳನ್ನೂ ಸೇರಿಸಿತು. ಭಾಷೆ ಕಾನೂನಿನದು, ಆದರೆ ವಿಷಯ ಹಳೆಯದೇ: ಮುಚ್ಚಳ ಬಿಚ್ಚಿ ನೋಡುವ ಅಧಿಕಾರ ಯಾರಿಗೆ?

ಚರಿತ್ರೆಯ ವಿದ್ಯಾರ್ಥಿಯಾಗಿ ನನಗೆ ಇನ್ನೊಂದು ಚಿಂತೆಯಿದೆ. ಕಾರ್ಖಾನೆಗೆ ಕಡತಗಳಿರುತ್ತವೆ, ಕೋರ್ಟಿಗೆ ಆದೇಶಗಳಿರುತ್ತವೆ. ವೈರಿನ ಕಟ್ಟನ್ನು ಗೇಣು ಗೇಣಾಗಿ ಅಲ್ಲಾಡಿಸುವ ಕೈಗೆ ಯಾವ ಕಡತವೂ ಇಲ್ಲ. ಕಿಡಿಯ ಬಣ್ಣ ನೋಡಿ ಹೇಳುವವರು, ಕಿಕ್ಕಿನ ಸದ್ದಿನಿಂದ ಗುರುತಿಸುವವರು ತಮ್ಮ ವಿದ್ಯೆಯನ್ನು ಬರೆದಿಡಲಿಲ್ಲ, ನಾವೂ ಹೋಗಿ ಕೇಳಲಿಲ್ಲ. ಕನ್ನಡದಲ್ಲಿ ಒಕ್ಕಲುತನದ, ನೇಯ್ಗೆಯ, ಕುಂಬಾರಿಕೆಯ ಪದಗಳನ್ನು ಸಂಗ್ರಹಿಸಿದ ದೊಡ್ಡ ಪರಂಪರೆಯಿದೆ. ಗ್ಯಾರೇಜಿನ ಪದಗಳಿಗೂ ಆ ಪಟ್ಟಿಯಲ್ಲಿ ಜಾಗವಿರಬೇಕು. ಅದನ್ನು ಆಡುವ ಮೊದಲ ತಲೆಮಾರು ಈಗ ಎಪ್ಪತ್ತು ದಾಟುತ್ತಿದೆ.

ನಾನು ಹೊರಡುವಾಗ ಹಿರಿಯರು ಒಂದು ಮಾತು ಹೇಳಿದರು: ‘ಮಳೇಲಿ ಒಂದ್ ತಿಂಗಳು ಓಡ್ಸಿ, ಆಮೇಲೆ ಸರಿಹೋಯ್ತು ಅನ್ನಿ.’ ಬಂದೂ ಹೋಗುವ ದೋಷ ವೈದ್ಯರ ಎದುರು ಇಳಿಯುವ ಜ್ವರದಂತೆ. ಮೆಕ್ಯಾನಿಕ್ ಎದುರು ಗಾಡಿ ಚೆನ್ನಾಗಿಯೇ ಓಡುತ್ತದೆ. ಆ ಮಳೆಗಾಲ ಆಗಲೇ ಮುಗಿಯುತ್ತ ಬಂದಿತ್ತು. ಗಾಡಿ ಅಲ್ಲಿಂದೀಚೆಗೆ ನಿಂತಿಲ್ಲ. ಮುಂದಿನ ಮಳೆ ಇನ್ನೂ ಬಂದಿಲ್ಲ.